ಸಿಗಲಿಲ್ಲ ಎಂದು ಬರೆದವರು

ನನ್ನ ಕೆಲಸ ಫೋನ್ ಮಾಡುವುದು. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ, ಎರಡನೇ ಮಹಡಿಯ ಕೊನೆಯ ಕೋಣೆಯಲ್ಲಿ ಕೂತು, ಗರ್ಭಕಂಠದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಹೋದ ಹೆಂಗಸರಿಗೆ ವರ್ಷಕ್ಕೊಂದು ಸಲ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಬೇಕು. ಉತ್ತರ ಬಂದ ಹಾಗೆ ಅವರ ಕಾರ್ಡಿನಲ್ಲಿ ಗುರುತು ಹಾಕಬೇಕು. ಕಾರ್ಡಿನಲ್ಲಿ ನಾಲ್ಕು ಚೌಕಗಳಿವೆ: ಆರೋಗ್ಯವಾಗಿದ್ದಾರೆ, ರೋಗ ಮರಳಿದೆ, ತೀರಿಕೊಂಡಿದ್ದಾರೆ, ಸಂಪರ್ಕಕ್ಕೆ ಸಿಗಲಿಲ್ಲ. ಹನ್ನೊಂದು ವರ್ಷದಿಂದ ಇದೇ ಕೆಲಸ. ಕೇಳಿದವರು "ಅಷ್ಟೇನಾ?" ಅನ್ನುತ್ತಾರೆ. ಒಂದು ದಿನ ಬಂದು ಕೂತು ನೋಡಿ ಅನ್ನಬೇಕೆಂದು ಬಾಯಿ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ.

ಕೋಣೆಯಲ್ಲಿ ಎರಡು ಮೇಜು, ವರ್ಷವಾರು ಕಾರ್ಡು ತುಂಬಿದ ಆರು ಕಬ್ಬಿಣದ ಬೀರು, ತೆರೆದರೆ ಮುಚ್ಚದ, ಮುಚ್ಚಿದರೆ ತೆರೆಯದ ಒಂದು ಕಿಟಕಿ. ಕಿಟಕಿಯ ಕೆಳಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡ. ಬೆಳಗ್ಗೆ ಎಂಟಕ್ಕೇ ಅಲ್ಲಿ ಯಂತ್ರಗಳ ಗದ್ದಲ ಶುರುವಾಗುತ್ತದೆ. ಫೋನಿನ ಆ ಕಡೆಯವರು "ಏನಮ್ಮಾ, ಹಿಟ್ಟಿನ ಗಿರಣಿಯಿಂದ ಮಾತಾಡ್ತಿದೀರಾ?" ಎಂದು ಕೇಳಿದ್ದುಂಟು. ಹೆಚ್ಚಿನ ಕರೆಗಳು ಸಂತೋಷದವೇ. ಮೊಮ್ಮಗು ಹುಟ್ಟಿದ್ದು, ಮಂಡಿ ನೋವು, ಸೊಸೆಯ ಮೇಲಿನ ದೂರು, ಎಲ್ಲ ಒಂದೇ ಉಸಿರಿಗೆ ಹೇಳುತ್ತಾರೆ. ನಾನು ಮೊದಲನೇ ಚೌಕಕ್ಕೆ ಗುರುತು ಹಾಕಿ, ಸೊಸೆಯ ಕಥೆ ಮುಗಿಯುವವರೆಗೂ ಹೂಂಗುಟ್ಟುತ್ತೇನೆ.

ಸೇರಿದ ಮೊದಲ ವರ್ಷ ಒಂದು ಮನೆಗೆ ಫೋನ್ ಮಾಡಿದಾಗ ರೋಗಿಯ ತಾಯಿ ಎತ್ತಿಕೊಂಡರು. ಮಗಳು ಹೇಗಿದ್ದಾರೆ ಎಂದು ನಾನು ಎಂದಿನ ಉತ್ಸಾಹದಲ್ಲಿ ಕೇಳಿದೆ. "ಅವಳು ಹೋಗಿ ನಾಲ್ಕು ತಿಂಗಳಾಯ್ತಮ್ಮಾ. ನಿಮಗೆ ಗೊತ್ತಾಗಲಿಲ್ವಾ?" ಅಂದವರು ಅಳುವುದಕ್ಕೆ ಶುರು ಮಾಡಿದರು. ನಾನು ಏನೋ ಸಮಾಧಾನ ಹೇಳಲು ಹೋಗಿ, ಅದು ಇನ್ನೇನೋ ಆಗಿ, ಕೊನೆಗೆ ನಾನೂ ಅತ್ತುಬಿಟ್ಟೆ. ಆವತ್ತು ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ.

ಎದುರು ಮೇಜಿನಲ್ಲಿ ಆಗ ಒಬ್ಬ ಹಿರಿಯರಿದ್ದರು. ನಿವೃತ್ತಿಗೆ ಎರಡೇ ತಿಂಗಳು ಉಳಿದಿದ್ದ ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನಿನಗ್ಯಾಕೆ ಈ ತಲೆನೋವು? ಮೂರು ಸಲ ಫೋನ್ ಮಾಡಿದೆ ಅಂತ ಮೂರು ತಾರೀಕು ಹಾಕು, ಸಿಗಲಿಲ್ಲ ಅಂತ ಬರಿ. ಅವರ ಗಾಯ ಕೆರೆಯೋದೂ ತಪ್ಪುತ್ತೆ, ನೀನು ಅಳೋದೂ ತಪ್ಪುತ್ತೆ," ಅಂದರು. ಅವರು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಅವರ ಬುದ್ಧಿಮಾತು ಮಾತ್ರ ನನ್ನ ಮೇಜಿನ ಮೇಲೆ ಉಳಿಯಿತು.

ಆಮೇಲೆ ನಾನು ಅದರಲ್ಲಿ ಪಳಗಿಬಿಟ್ಟೆ. ಹೆಂಗಸಿನ ಹೆಸರು ಹೇಳಿ ಇದ್ದಾರಾ ಎಂದು ಕೇಳಿದ ಕೂಡಲೇ ಆ ಕಡೆ ಎರಡು ಉಸಿರಿನಷ್ಟು ಹೊತ್ತು ಏನೂ ಕೇಳಿಸದೇ ಹೋದರೆ ನನಗೆ ಗೊತ್ತಾಗುತ್ತಿತ್ತು. "ಯಾರು ಬೇಕು ಅಂದ್ರಿ?" ಎಂದು ಗಂಡಸಿನ ದನಿ ನಿಧಾನವಾಗಿ ಕೇಳುವಷ್ಟರಲ್ಲಿ ನಾನು "ಕ್ಷಮಿಸಿ, ರಾಂಗ್ ನಂಬರ್" ಎಂದು ಇಟ್ಟುಬಿಡುತ್ತಿದ್ದೆ. ನಾಲ್ಕನೇ ಚೌಕಕ್ಕೆ ಗುರುತು. ಮುಂದಿನ ವರ್ಷ ಮರೆತು ಮತ್ತೆ ಫೋನ್ ಮಾಡಿ ಅವರನ್ನು ನೋಯಿಸಬಾರದೆಂದು ನಂಬರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಸಣ್ಣ ಚುಕ್ಕೆ. ಇದಕ್ಕೆ ಮಾನವೀಯತೆ ಎಂದು ಹೆಸರಿಟ್ಟುಕೊಂಡಿದ್ದೆ. ಇಡೀ ವಿಭಾಗದಲ್ಲಿ ಕರುಳಿರುವವಳು ನಾನೊಬ್ಬಳೇ ಅನ್ನುವ ಜಂಬ ಬೇರೆ.

ಸಿಗಲಿಲ್ಲ ಎಂದರೆ ಲೆಕ್ಕದಲ್ಲಿ ಸತ್ತರು ಎಂದಲ್ಲ. ಆ ಹೆಂಗಸು ಕೊನೆಯ ಸಲ ತಪಾಸಣೆಗೆ ಬಂದ ದಿನದವರೆಗೆ ಚೆನ್ನಾಗಿದ್ದಳು ಎಂದು ಹಿಡಿದು, ಅಲ್ಲಿಂದ ಮುಂದಕ್ಕೆ ಅವಳನ್ನು ಪಕ್ಕಕ್ಕಿಡುತ್ತಾರೆ. ಮನೆ ಬದಲಾಯಿಸಿದವರು, ನಂಬರ್ ಬದಲಾಯಿಸಿದವರು ಹೀಗೆ ಪಕ್ಕಕ್ಕೆ ಹೋದರೆ ಲೆಕ್ಕ ಅಷ್ಟೇನೂ ಕೆಡುವುದಿಲ್ಲ. ನಾನು ಪಕ್ಕಕ್ಕೆ ಸರಿಸುತ್ತಿದ್ದದ್ದು ಸತ್ತವರನ್ನೇ ಆರಿಸಿ ಆರಿಸಿ. ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೋಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಹೋಗಿತ್ತು. ಅದನ್ನು ಎತ್ತಿ ನೋಡಲಿಲ್ಲ, ಅಷ್ಟೇ.

ನನ್ನ ಅಕ್ಕ ಸಿಟಿ ಬಸ್ ಡ್ರೈವರ್. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ನನಗೆ ಹತ್ತು, ಅಲ್ಲಿಂದ ನನ್ನನ್ನು ಸಾಕಿದವಳು ಅವಳೇ. ಅವಳು ಮದುವೆಯ ಗೋಜಿಗೆ ಹೋಗಲಿಲ್ಲ. ನಾನು ಹೋಗಿ ಮೂರು ವರ್ಷ ಇದ್ದು ವಾಪಸು ಬಂದೆ. ಈಗ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ. ಡಿಪೋದಲ್ಲಿ ಅವಳಿಗೆ ಬ್ರೇಕಮ್ಮ ಎಂದು ಅಡ್ಡಹೆಸರು. ಯಾರಾದರೂ ಓಡಿ ಬರುತ್ತಿರುವುದು ಕನ್ನಡಿಯಲ್ಲಿ ಕಂಡರೆ ಹೊರಟ ಬಸ್ಸನ್ನೂ ನಿಲ್ಲಿಸುತ್ತಾಳೆ, ಹತ್ತಿದ ಮೇಲೆ ಚೆನ್ನಾಗಿ ಬೈಯುತ್ತಾಳೆ. ಹತ್ತೊಂಬತ್ತು ವರ್ಷದಿಂದ ಏಳನೇ ನಂಬರ್ ಬಸ್ಸು ಅವಳದೇ.

ಎರಡೂವರೆ ವರ್ಷದ ಹಿಂದೆ, ಮುಟ್ಟು ನಿಂತು ವರ್ಷವಾದ ಮೇಲೆ ಅವಳಿಗೆ ಮತ್ತೆ ರಕ್ತ ಕಾಣಿಸಿತು. ಸೀಟಿನ ಕುಲುಕಾಟಕ್ಕೆ ಎಂದು ಎರಡು ತಿಂಗಳು ತಳ್ಳಿದಳು. ನಾನು ಕೈ ಹಿಡಿದು ಎಳೆದುಕೊಂಡು ಬಂದೆ. ಪರೀಕ್ಷೆ ಆಯಿತು, ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಗರ್ಭಕೋಶ, ಅದರ ಕಂಠ, ರೋಗ ಹರಡಿದೆಯೇ ಎಂದು ನೋಡಲು ಅಕ್ಕಪಕ್ಕದ ಗಂಟುಗಳು ಎಲ್ಲ ತೆಗೆದರು. ಎರಡು ವಾರದ ನಂತರ ರಿಪೋರ್ಟು ಬಂದಾಗ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಆಪರೇಷನ್ ಮಾಡಿದವರು ಅವರೇ. ಮಾತು ಕಡಿಮೆ, ಹೇಳುವುದನ್ನು ನೇರವಾಗಿ ಹೇಳುವವರು.

"ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಹೆಚ್ಚಿನವರಿಗೆ ಗರ್ಭಕಂಠದ ಹೊರಮೈಯಲ್ಲಿ, ಚಪ್ಪಟೆ ಕೋಶಗಳಲ್ಲಿ ಶುರುವಾಗುತ್ತೆ. ನಿಮ್ಮದು ಒಳಗಿನ ಗ್ರಂಥಿ ಕೋಶಗಳಲ್ಲಿ ಶುರುವಾಗಿದ್ದು. ಗಡ್ಡೆ ಪೂರ್ತಿ ಹೊರಗೆ ಬಂದಿದೆ, ಅಂಚಿನಲ್ಲಿ ರೋಗ ಉಳಿದಿಲ್ಲ, ಗಂಟುಗಳಲ್ಲಿ ಏನೂ ಸಿಕ್ಕಿಲ್ಲ. ಆದ್ರೆ ಸ್ವಲ್ಪ ಆಳಕ್ಕೆ ಇಳಿದಿತ್ತು. ಹಾಗಾಗಿ ಈಗ ಎರಡು ದಾರಿ ಇದೆ. ಕರೆಂಟ್ ಕೊಡಬಹುದು, ಕೊಡದೆ ಕಾದು ನೋಡಬಹುದು."

ಕರೆಂಟ್ ಎಂದರೆ ವಿಕಿರಣ. ನಮ್ಮಲ್ಲಿ ಕಸ ಗುಡಿಸುವವರಿಂದ ಡಾಕ್ಟರರವರೆಗೆ ಎಲ್ಲರೂ ಅದನ್ನು ಹಾಗೇ ಕರೆಯುತ್ತಾರೆ.

"ಕೊಟ್ರೆ ಏನಾಗುತ್ತೆ?" ಅಕ್ಕ ಕೇಳಿದಳು.

"ಐದು ವಾರ. ಕರುಳಿಗೂ ಮೂತ್ರಕೋಶಕ್ಕೂ ತಾಗುತ್ತೆ. ಕೆಲವರಿಗೆ ಅರ್ಜೆಂಟ್ ಆದ್ರೆ ತಡೆಯೋಕಾಗಲ್ಲ. ಅದು ವರ್ಷಗಟ್ಟಲೆ ಉಳಿಯಬಹುದು."

"ಏಳನೇ ನಂಬರಿಗೆ ಒಂದು ಸುತ್ತು ಅಂದ್ರೆ ಒಂದೂಮುಕ್ಕಾಲು ಗಂಟೆ, ಡಾಕ್ಟರೇ. ನಡುವೆ ಇಪ್ಪತ್ತೆಂಟು ಸ್ಟಾಪು, ಒಂದು ಕಕ್ಕಸಿಲ್ಲ."

ಡಾಕ್ಟರಮ್ಮ ನಕ್ಕರು. ಆಮೇಲೆ ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದು ನಮ್ಮ ಕಡೆ ತಿರುಗಿಸಿದರು. ಎಂಟು ವರ್ಷದಲ್ಲಿ ನಮ್ಮಲ್ಲಿ ಆಪರೇಷನ್ ಆದವರ ಪಟ್ಟಿ. ಐದು ವರ್ಷದ ನಂತರ ಬದುಕಿರುವವರು, ಹೊರಮೈ ಜಾತಿಯಲ್ಲಿ ನೂರಕ್ಕೆ ತೊಂಬತ್ತೆರಡು, ಗ್ರಂಥಿ ಜಾತಿಯಲ್ಲಿ ನೂರಕ್ಕೆ ತೊಂಬತ್ತೊಂದು. "ಬೇರೆ ಕಡೆ ಪುಸ್ತಕಗಳಲ್ಲಿ ಗ್ರಂಥಿ ಜಾತಿ ಸ್ವಲ್ಪ ಹಠಮಾರಿ ಅಂತ ಬರೀತಾರೆ. ನಮ್ಮ ಲೆಕ್ಕದಲ್ಲಿ ಹಾಗೆ ಕಾಣಲ್ಲ. ಯೋಚನೆ ಮಾಡಿ, ಗುರುವಾರ ಹೇಳಿ," ಅಂದರು. ಹಾಳೆಯ ಕೆಳಗೆ, ಸಣ್ಣ ಅಕ್ಷರದಲ್ಲಿ, ಮಾಹಿತಿ ದಾಖಲೆ ವಿಭಾಗದ್ದು ಎಂದು ಅಚ್ಚಾಗಿತ್ತು. ನಾನು ಹೆಮ್ಮೆಯಿಂದ ಅಕ್ಕನಿಗೆ ಅದನ್ನು ಬೆರಳಿಟ್ಟು ತೋರಿಸಿದೆ.

ಬುಧವಾರ ಸಂಜೆ ಅಕ್ಕ ಅಡುಗೆಮನೆಯ ಕುರ್ಚಿಯಲ್ಲಿ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತಿದ್ದಳು. ಹೊಲಿಗೆ ಇನ್ನೂ ಎಳೆಯುತ್ತಿತ್ತು. ನಾನು ಈರುಳ್ಳಿ ಹೆಚ್ಚುತ್ತಿದ್ದೆ.

"ಏ, ಚಾಕು ಇಡು. ನೀನು ದಿನಾ ಆಪರೇಷನ್ ಆದೋರ ಮನೆಯೋರ ಜೊತೆ ಮಾತಾಡೋಳು," ಅಂದಳು. "ಪಟ್ಟಿ ಗಿಟ್ಟಿ ಬೇಡ ನನಗೆ. ನಿನಗೆ ಗೊತ್ತಿರೋದು ಹೇಳು. ಈ ಗ್ರಂಥಿಯೋರು ಉಳೀತಾರಾ?"

ಆ ಕ್ಷಣ ಪೆನ್ಸಿಲ್ ಚುಕ್ಕೆಗಳು ನೆನಪಿಗೆ ಬಂದವು. ಬರಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಂದವು. ಒಂದೋ ಎರಡೋ ಅಲ್ಲ, ಸಾಲಾಗಿ ಬಂದವು, ಅವುಗಳ ಪಕ್ಕದ ಹೆಸರು ಸಮೇತ. ಆದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ಅವಳಿಗೆ ಏನು ಕೇಳಿಸಬೇಕಾಗಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಳ್ಳೆಯ ಸುದ್ದಿ ಹೇಳುವ ಅವಕಾಶ ಸಿಕ್ಕರೆ ನಾನು ಬಿಡುವವಳೇ ಅಲ್ಲ.

"ಎರಡೂ ಒಂದೇ ಅಕ್ಕ. ನೂರಕ್ಕೆ ತೊಂಬತ್ತೊಂದು. ಅದನ್ನ ಬರೆದೋಳೇ ನಾನಲ್ವಾ, ನನಗೆ ಗೊತ್ತಿಲ್ವಾ?"

"ಹಾಗಾದ್ರೆ ಕರೆಂಟು ಬೇಡ," ಅಂದಳು. ದಿಂಬು ಪಕ್ಕಕ್ಕಿಟ್ಟು, "ಈರುಳ್ಳಿ ಇಷ್ಟು ದಪ್ಪ ಹೆಚ್ಚಿದ್ರೆ ಬೇಯೋದು ಯಾವ ಕಾಲಕ್ಕೆ?" ಎಂದು ರೇಗಿಸಿದಳು.

ಮೂರು ತಿಂಗಳಿಗೆ ಬಸ್ಸು ಹತ್ತಿದಳು. ಆರು ತಿಂಗಳಿಗೊಮ್ಮೆ ತಪಾಸಣೆ. ಪ್ರತಿ ಸಲವೂ ಹೊಟ್ಟೆಯ ಕೆಳಭಾಗ ನೋಡಿ ಎಲ್ಲ ಚೆನ್ನಾಗಿದೆ ಅಂದರು. ನಾನೇ ಅವಳ ಕಾರ್ಡಿಗೆ ಗುರುತು ಹಾಕಿದೆ, ಮೊದಲನೇ ಚೌಕ, ಎರಡು ವರ್ಷ. ಈ ವರ್ಷದ ಶುರುವಿನಲ್ಲಿ ಕೆಮ್ಮು ಬಂತು. ಬಸ್ಸಿನ ಹೊಗೆ ಅಂದಳು. ನಾನೂ ಹೌದು ಅಂದೆ, ಜೇನುತುಪ್ಪ ತಂದುಕೊಟ್ಟೆ. ಡಿಪೋದ ಡಾಕ್ಟರು ಎರಡು ಸಲ ಸಿರಪ್ ಬರೆದುಕೊಟ್ಟರು. ಮೂರು ತಿಂಗಳು ಕಳೆದ ಮೇಲೆ, ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಕೂತುಬಿಟ್ಟಳು. ಎದೆಯ ಎಕ್ಸ್-ರೇ ಫೋಟೋ ತೆಗೆಸಿದಾಗ ಎರಡೂ ಶ್ವಾಸಕೋಶದಲ್ಲಿ ರೋಗ ಬಂದು ಕೂತಿತ್ತು. ಮತ್ತೆ ಆಪರೇಷನ್ ಮಾಡುವ ಹಾಗಿಲ್ಲ, ಔಷಧಿಯಿಂದ ಸ್ವಲ್ಪ ದಿನ ತಳ್ಳಬಹುದು ಎಂದು ಡಾಕ್ಟರಮ್ಮ ಹೇಳಿದರು.

ಮಾರನೆಯ ದಿನ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ನಾನು ಬಾಗಿಲು ಹಾಕಿಕೊಂಡು ಆರೂ ಬೀರು ತೆರೆದೆ. ಕಾರ್ಡುಗಳನ್ನು ಎರಡು ಜಾತಿಯಾಗಿ ಬೇರ್ಪಡಿಸಿ ಚುಕ್ಕೆಗಳನ್ನು ಎಣಿಸಿದೆ. ಹೊರಮೈ ಜಾತಿಯವರು ಮುನ್ನೂರ ನಲವತ್ತು, ಅದರಲ್ಲಿ ಚುಕ್ಕೆ ಒಂಬತ್ತು. ಗ್ರಂಥಿ ಜಾತಿಯವರು ನೂರ ಹನ್ನೆರಡು, ಚುಕ್ಕೆ ಇಪ್ಪತ್ತಮೂರು. ಇದು ಯಾಕೆ ಹೀಗೆ ಎಂದು ತಿಳಿಯಲು ದೊಡ್ಡ ಓದು ಬೇಕಿರಲಿಲ್ಲ. ಹೊರಮೈ ಜಾತಿ ಮರಳಿದರೆ ಹೆಚ್ಚಾಗಿ ಆಪರೇಷನ್ ಆದ ಜಾಗದ ಹತ್ತಿರವೇ ಮರಳುತ್ತಿತ್ತು. ಅವರು ನಮ್ಮಲ್ಲಿಗೇ ಓಡಿ ಬರುತ್ತಿದ್ದರು, ನಮ್ಮ ಪುಸ್ತಕಕ್ಕೆ ಸೇರುತ್ತಿದ್ದರು. ಗ್ರಂಥಿ ಜಾತಿಯವರಿಗೆ ಎದೆಗೋ ಯಕೃತ್ತಿಗೋ ಹೋಗುತ್ತಿತ್ತು. ಕೆಮ್ಮಿಗೆ ಯಾರು ನಮ್ಮ ಆಸ್ಪತ್ರೆಗೆ ಬರುತ್ತಾರೆ? ಮನೆ ಹತ್ತಿರದ ಡಾಕ್ಟರ ಬಳಿ ಹೋಗಿ, ಅಲ್ಲೇ ತೀರಿಕೊಂಡು, ನನ್ನ ಫೋನಿಗೆ ಕಾಯುತ್ತಿದ್ದರು.

ಪಟ್ಟಿಯಲ್ಲಿ ಅವರ ಪೈಕಿ ಸತ್ತವರು ಒಂಬತ್ತೇ. ಚುಕ್ಕೆಗಳನ್ನು ಸೇರಿಸಿದರೆ ಮೂವತ್ತೆರಡು. ಅಂದರೆ ಉಳಿದವರು ಸುಮಾರು ನೂರಕ್ಕೆ ಎಪ್ಪತ್ತೊಂದು. ಕಾಗದದ ಮೇಲೆ ಭಾಗಾಕಾರ ಮಾಡಿದೆ, ಫೋನಿನಲ್ಲಿ ಮಾಡಿದೆ, ಮತ್ತೆ ಕಾಗದದ ಮೇಲೆ ಮಾಡಿದೆ.

ಡಾಕ್ಟರಮ್ಮನ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ, ಕೂಗಾಡಿದ್ದರೆ ಒಳ್ಳೆಯದಿತ್ತು. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಈ ಪಟ್ಟಿ ಇಟ್ಕೊಂಡು ನಾನು ಎಷ್ಟು ಜನಕ್ಕೆ 'ಕಾದು ನೋಡೋಣ' ಅಂದಿದೀನಿ ಗೊತ್ತಾ ನಿಮಗೆ?"

ನಾನು ಗೊತ್ತಿಲ್ಲ ಅಂದೆ.

"ನನಗೂ ಗೊತ್ತಿಲ್ಲ. ಎಣಿಸ್ಬೇಕು." ಮೇಜಿನ ಖಾನೆಯಿಂದ ಪಟ್ಟಿ ತೆಗೆದು ಮುಂದಿಟ್ಟುಕೊಂಡರು. "ಕರೆಂಟ್ ಕೊಟ್ಟಿದ್ರೆ ನಿಮ್ಮಕ್ಕನಿಗೆ ಇದು ಬರ್ತಿರಲಿಲ್ಲ ಅಂತ ನಾನು ಹೇಳಲಾರೆ. ಬಂದೇ ಬರ್ತಿತ್ತು ಅಂತಾನೂ ಹೇಳಲಾರೆ. ಒಬ್ಬರ ವಿಷಯದಲ್ಲಿ ಯಾರಿಗೂ ಅದು ಗೊತ್ತಾಗಲ್ಲ. ಆದ್ರೆ ಇವರಿಗೆ ಎದೆಗೆ ಹೋಗ್ತಿದೆ ಅಂತ ನನಗೆ ಗೊತ್ತಿದ್ದಿದ್ರೆ, ಪ್ರತಿ ತಪಾಸಣೇಲೂ ಎದೆ ಫೋಟೋ ತೆಗೆಸ್ತಿದ್ದೆ. ಕೆಮ್ಮು ಬಂದ್ರೆ ಆವತ್ತೇ ಬನ್ನಿ ಅಂತ ಹೇಳಿ ಕಳಿಸ್ತಿದ್ದೆ."

"ನನ್ನನ್ನ ಕೆಲಸದಿಂದ ತೆಗೀತೀರಾ ಡಾಕ್ಟರೇ?"

"ಅದು ಆಮೇಲಿನ ಮಾತು. ಮೊದಲು ಆ ಇಪ್ಪತ್ತಮೂರು ಮನೆಗೂ ಫೋನ್ ಮಾಡಿ. ಯಾವಾಗ ಹೋದ್ರು, ಮೊದಲು ಏನು ಕಾಣಿಸ್ತು, ಎಲ್ಲಾ ಕೇಳಿ. ಆಮೇಲೆ ಬದುಕಿರೋರನ್ನೆಲ್ಲ ಎದೆ ಫೋಟೋಗೆ ಕರೆಸಿ. ಬೇರೆಯವರಿಗೆ ಹೇಳಿ ಮಾಡಿಸಬಹುದು. ಆದ್ರೆ ನೀವೇ ಮಾಡಬೇಕು ಅಂತ ನನಗನ್ಸುತ್ತೆ."

ಮೊದಲನೇ ಫೋನು ಒಬ್ಬ ಗಡಿಯಾರ ರಿಪೇರಿಯವರ ಅಂಗಡಿಗೆ. ಅವರ ಹೆಂಡತಿಯ ಹೆಸರು ಹೇಳಿ, ನಾನು ಆಸ್ಪತ್ರೆಯವಳು ಅಂದೆ. ಎರಡು ಉಸಿರಿನಷ್ಟು ಹೊತ್ತು ಕಳೆಯಿತು. ನನ್ನ ನಾಲಿಗೆ ತನ್ನಷ್ಟಕ್ಕೆ ಕ್ಷಮಿಸಿ ಅನ್ನಲು ಹೊರಟಿತ್ತು, ಹಲ್ಲು ಕಚ್ಚಿ ಹಿಡಿದುಕೊಂಡೆ.

"ನೀವು ಮೂರು ವರ್ಷದ ಹಿಂದೆ ಫೋನ್ ಮಾಡಿದ್ರಿ," ಅಂದರು ಅವರು. "ಹಿಂದೆ ಯಂತ್ರದ ಸದ್ದಿತ್ತು. ಈಗಲೂ ಇದೆ. ಅವಳ ಹೆಸರು ಹೇಳಿದ್ರಿ, ಆಮೇಲೆ ರಾಂಗ್ ನಂಬರ್ ಅಂದ್ರಿ. ಹೆಸರು ಸರಿ, ನಂಬರ್ ಹೇಗಮ್ಮಾ ತಪ್ಪಾಗುತ್ತೆ?"

ನಾನು ಪೆನ್ನು ಕೈಗೆತ್ತಿಕೊಂಡೆ.

"ಮತ್ತೆ ಮಾಡ್ತೀರೇನೋ ಅಂತ ಕಾದೆ. ಅವಳಿಗೆ ಮೊದಲು ಬರೀ ಕೆಮ್ಮಿತ್ತು. ನೆಗಡಿ ಅಂದ್ಕೊಂಡ್ವಿ. ಕೆಮ್ಮು ಬಂದ್ರೆ ವಾಪಸ್ ಬನ್ನಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ಮುಂದೆ ಬರೋರಿಗಾದ್ರೂ ಹೇಳಿ ಅನ್ನೋಣ ಅಂತ ಕಾದೆ. ನಾನಾಗೇ ಫೋನ್ ಮಾಡ್ಬೇಕಿತ್ತೇನೋ. ಯಾರಿಗೆ ಮಾಡೋದು ಅಂತ ಗೊತ್ತಾಗಲಿಲ್ಲ."

ಅವರು ನಲವತ್ತು ನಿಮಿಷ ಮಾತಾಡಿದರು. ಹೆಂಡತಿಯ ಕೊನೆಯ ತಿಂಗಳುಗಳನ್ನು ಯಾವ ಭಾಗವನ್ನೂ ಕಳೆಯದೆ, ಬಿಚ್ಚಿದ ಗಡಿಯಾರವನ್ನು ಬಟ್ಟೆಯ ಮೇಲೆ ಜೋಡಿಸಿಡುವಂತೆ ಒಂದೊಂದೇ ಹೇಳಿದರು. ಅತ್ತಿದ್ದು ಒಂದೇ ಸಲ, ಅದೂ ಸ್ವಲ್ಪ. ಕೊನೆಗೆ, "ಕೇಳಿದ್ದಕ್ಕೆ ಥ್ಯಾಂಕ್ಸ್ ಅಮ್ಮಾ. ಮನೇಲಿ ಎಲ್ಲರೂ ಈ ಮಾತು ಎತ್ತಿದ್ರೆ ನನಗೆ ನೋವಾಗುತ್ತೆ ಅಂತ ಬೇರೆ ಮಾತು ಶುರು ಮಾಡ್ತಾರೆ," ಅಂದರು. ಹನ್ನೊಂದು ವರ್ಷ ನಾನು ಯಾರ ನೋವನ್ನು ತಪ್ಪಿಸಿದೆ ಎಂದು ಆವತ್ತು ಸ್ಪಷ್ಟವಾಯಿತು. ನನ್ನದನ್ನು, ನನ್ನದೊಂದನ್ನೇ.

ಎರಡು ವಾರದಲ್ಲಿ ಹದಿನಾಲ್ಕು ಮನೆಗಳಾದವು. ಎಂಟು ಜನ ಕೆಮ್ಮು ಅಂದರು. ಒಬ್ಬ ಮಗ ನನ್ನನ್ನು ಬಾಯಿಗೆ ಬಂದಂತೆ ಬೈದ, ಪೂರ್ತಿ ಕೇಳಿಸಿಕೊಂಡೆ. ಇನ್ನೊಂದು ಮನೆಯಲ್ಲಿ ಹೆಂಗಸು ತಾನೇ ಫೋನ್ ಎತ್ತಿ "ನಾನೇ, ಹೇಳಿ" ಅಂದಾಗ ಕುರ್ಚಿಯಿಂದ ಬೀಳುವುದೊಂದು ಬಾಕಿ. ಹಿಂದಿನ ಸಲ ಫೋನ್ ಎತ್ತಿದ್ದ ಅವರ ಗಂಡನಿಗೆ ಕಿವಿ ಸ್ವಲ್ಪ ಮಂದವಂತೆ, ಅದಕ್ಕೇ ಉತ್ತರ ತಡವಾಗಿದ್ದು. ನಾನು ಅವರಿಗೆ ಮೂರು ವರ್ಷದಿಂದ ಚುಕ್ಕೆ ಇಟ್ಟಿದ್ದೆ. ಗಟ್ಟಿಮುಟ್ಟಾಗಿದ್ದಾರೆ. ಎದೆ ಫೋಟೋ ತೆಗೆಸಿಕೊಂಡು ಹೋದರು, ಏನೂ ಇಲ್ಲ. ಡಾಕ್ಟರಮ್ಮನಿಗೆ ಆ ಸುದ್ದಿ ಹೇಳಿದಾಗ ಅವರು ನಾನು ಎಲ್ಲ ಒಪ್ಪಿಕೊಂಡ ದಿನದ ನಂತರ ಮೊದಲ ಸಲ ನನ್ನ ಮುಖ ನೋಡಿದರು.

ಅಕ್ಕನಿಗೆ ಮಾತ್ರ ಹೇಳಿರಲಿಲ್ಲ. ಔಷಧಿಯ ಮೊದಲ ಸುತ್ತು ಮುಗಿಯಲಿ ಅಂದುಕೊಂಡೆ, ವಾಂತಿ ನಿಲ್ಲಲಿ ಅಂದುಕೊಂಡೆ, ಊಟ ಸೇರುವಂತಾಗಲಿ ಅಂದುಕೊಂಡೆ. ನೆಪಕ್ಕೇನು ಬರವಿಲ್ಲ. ಫೋನಿನಲ್ಲಿ ಹದಿನಾಲ್ಕು ಮನೆಯವರನ್ನು ಎದುರಿಸಿದವಳಿಗೆ ಪಕ್ಕದ ಕೋಣೆಗೆ ಹೋಗಿ ಹೇಳಲು ಕಾಲು ಬರುತ್ತಿರಲಿಲ್ಲ.

ಭಾನುವಾರ ಬೆಳಗ್ಗೆ ಅವಳು ಕಿಟಕಿಯ ಬಳಿ ಕುರ್ಚಿ ಹಾಕಿಸಿಕೊಂಡಿದ್ದಳು. ಕೆಳಗೆ ಬಸ್ ಸ್ಟಾಪು ಕಾಣುತ್ತದೆ. ಏಳನೇ ನಂಬರಿಗೆ ಈಗ ಬೇರೆ ಡ್ರೈವರ್.

"ನೋಡು ಆ ಪುಣ್ಯಾತ್ಮನ್ನ," ಅಂದಳು. "ಸ್ಟಾಪಿಗಿಂತ ಹತ್ತು ಮಾರು ಮುಂದೆ ಹೋಗಿ ನಿಲ್ಲಿಸ್ತಾನೆ. ವಯಸ್ಸಾದೋರೆಲ್ಲ ಬ್ಯಾಗ್ ಹಿಡ್ಕೊಂಡು ಓಡ್ಬೇಕು. ನಾಳೆ ಡಿಪೋಗೆ ಫೋನ್ ಮಾಡಿ ಬೈತೀನಿ."

ನಾನು ಟೀ ಲೋಟ ಅವಳ ಕೈಗೆ ಕೊಟ್ಟು, ಎದುರಿಗೆ ನೆಲದ ಮೇಲೆ ಕೂತೆ. ಕೂತು ಹೇಳಿದೆ. ಹಿರಿಯರ ಬುದ್ಧಿಮಾತು, ರಾಂಗ್ ನಂಬರ್, ಚುಕ್ಕೆ, ಎಲ್ಲ. ಬುಧವಾರ ಸಂಜೆ ಅವಳು ಕೇಳಿದಾಗ ಚುಕ್ಕೆಗಳು ನೆನಪಿಗೆ ಬಂದಿದ್ದವು ಅನ್ನುವುದನ್ನೂ ಹೇಳಿದೆ. ಅದನ್ನು ಹೇಳದೆಯೂ ಇರಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

 ಮುಗಿದ ಮೇಲೆ ಅಕ್ಕ "ನನಗೆ ಹೇಳಿದ್ದು ಎಷ್ಟು?" ಎಂದು ಕೇಳಿದಳು.

"ತೊಂಬತ್ತೊಂದು."

"ನಿಜ ಎಷ್ಟು?"

"ಎಪ್ಪತ್ತೊಂದು. ಆಮೇಲೆ ಚುಕ್ಕೆ ಇಟ್ಟೋರಲ್ಲಿ ಒಬ್ಬರು ಬದುಕಿದಾರೆ ಅಂತ ಗೊತ್ತಾಯ್ತು. ಎಪ್ಪತ್ತೆರಡು ಅನ್ನಬಹುದು."

ಅವಳು ಕಿಟಕಿಯ ಕಡೆ ತಿರುಗಿದಳು. ನಾನು ಕಾದೆ. ಏನಕ್ಕೆ ಕಾಯುತ್ತಿದ್ದೇನೆಂದು ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಪರೀಕ್ಷೆಯಲ್ಲಿ ಫೇಲಾದರೆ "ಪೇಪರೇ ಕಷ್ಟ ಇತ್ತಂತೆ ಬಿಡು" ಅಂದವಳು ಅವಳು. ಗಂಡನನ್ನು ಬಿಟ್ಟು ಬಂದಾಗ, "ಬಿಡು, ಅವನ ಮೂಗೇ ನನಗೆ ಸರಿ ಕಂಡಿರಲಿಲ್ಲ" ಅಂದವಳು. ಈಗಲೂ ಅಂದಾಳು, ಬಿಡು, ಹೇಗಿದ್ರೂ ನಾನು ಕರೆಂಟು ಬೇಡ ಅಂತಲೇ ಅಂತಿದ್ದೆ ಎಂದು. ಅಂದ ಕೂಡಲೇ ಅವಳ ಮಡಿಲಲ್ಲಿ ತಲೆಯಿಟ್ಟು ಅಳಲು ನಾನು ತಯಾರಾಗಿ ಕೂತಿದ್ದೆ.

"ಎಪ್ಪತ್ತು ಅಂದಿದ್ರೆ ಕೊಡಿಸ್ಕೋತಿದ್ದೆ ಕಣೆ," ಅಂದಳು. "ಬಸ್ ಬಿಟ್ಟು ಡಿಪೋದಲ್ಲಿ ಡ್ಯೂಟಿ ಚೀಟಿ ಬರೀತಾ ಕೂತಿರ್ತಿದ್ದೆ. ಹತ್ತು ನಿಮಿಷಕ್ಕೊಂದು ಸಲ ಕಕ್ಕಸಿಗೆ ಓಡ್ತಾ, ಎಲ್ಲರನ್ನೂ ಬೈಕೋತಾ. ಆದ್ರೂ ಕೊಡಿಸ್ಕೋತಿದ್ದೆ."

"ಅಕ್ಕಾ..."

"ಬಿಡು ಅನ್ಲಿ ಅಂತ ಕಾಯ್ತಿದೀಯ. ಅನ್ನಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. "ಎದುರಿಗಿರೋರಿಗೆ ನೋವಾಗುತ್ತೆ ಅಂತ ಸಿಹಿ ಸುಳ್ಳು ಹೇಳೋದು ನಿನಗೆ ನಾನೇ ಕಲಿಸಿದ್ದು ಅನ್ಸುತ್ತೆ. ಇವತ್ತಿಗೆ ನಿಲ್ಲಿಸ್ತೀನಿ."

ಕೆಮ್ಮು ಬಂತು. ನಾನು ಎದ್ದು ನೀರು ಕೊಟ್ಟೆ, ಬೆನ್ನು ನೀವಿದೆ. ಕೈ ತಳ್ಳುತ್ತಾಳೆಂದು ಹೆದರಿದ್ದೆ, ತಳ್ಳಲಿಲ್ಲ. ಕೆಮ್ಮು ನಿಂತ ಮೇಲೆ ಬಾಯಿ ಒರೆಸಿಕೊಂಡು ಕೇಳಿದಳು, "ಇನ್ನೂ ಎಷ್ಟು ಮನೆ ಉಳಿದಿದೆ?"

"ಒಂಬತ್ತು."

"ನಂಬರ್ ಇದೆಯಾ ಇಲ್ಲಿ?"

ಇತ್ತು. ಆಫೀಸಿನಿಂದ ಹೊರಗೆ ತರಬಾರದ ಹಾಳೆ, ನನ್ನ ಚೀಲದಲ್ಲಿ ಮಡಿಸಿಟ್ಟುಕೊಂಡು ಓಡಾಡುತ್ತಿದ್ದೆ.

"ಹಾಗಾದ್ರೆ ಮಾಡು."

"ಇವತ್ತು ಭಾನುವಾರ ಅಕ್ಕ."

"ಭಾನುವಾರ ಮನೇಲೇ ಇರ್ತಾರೆ. ಇಲ್ಲೇ ಕೂತು ಮಾಡು. ನೀನು ಹೇಗೆ ಕೇಳ್ತೀಯ ನಾನೂ ನೋಡ್ಬೇಕು."

ಹಾಳೆ ಬಿಚ್ಚಿ, ಮೊಣಕಾಲ ಮೇಲೆ ಇಟ್ಟುಕೊಂಡು, ಹದಿನೈದನೇ ನಂಬರ್ ಒತ್ತಿದೆ. ಒಬ್ಬ ಹುಡುಗಿ ಎತ್ತಿಕೊಂಡಳು. ಹಿಂದೆ ಯಾರೋ ಪಾತ್ರೆ ತೊಳೆಯುವ ಸದ್ದು. ಆಸ್ಪತ್ರೆಯಿಂದ ಎಂದು ಹೇಳಿ ಅವಳ ತಾಯಿಯ ಹೆಸರು ಹೇಳಿದೆ. ಆ ಕಡೆ ಏನೂ ಕೇಳಿಸಲಿಲ್ಲ. ಅಕ್ಕ ಲೋಟ ಕೆಳಗಿಟ್ಟು ನನ್ನನ್ನು ನೋಡುತ್ತಿದ್ದಳು.

"ಅಮ್ಮ ತೀರಿಕೊಂಡಿದ್ದಾರೆ ಅಂತ ಕಾಣುತ್ತೆ," ಅಂದೆ. "ನಾನು ಆಗಲೇ ಕೇಳಬೇಕಿತ್ತು, ಕೇಳಲಿಲ್ಲ, ತಪ್ಪಾಯ್ತು. ಹೇಗಾಯ್ತು ಅಂತ ಹೇಳ್ತೀಯಾ ಅಮ್ಮಾ? ನಾನು ಬರ್ಕೋತೀನಿ."

"ಒಂದ್ನಿಮಿಷ, ಕೂತ್ಕೋತೀನಿ," ಅಂದಳು ಹುಡುಗಿ. ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಹೇಳುತ್ತಾ ಹೋದಳು. ಮೊದಲು ಕೆಮ್ಮು ಬಂದದ್ದು, ಸಿರಪ್ ಕುಡಿಸಿದ್ದು, ಮೆಟ್ಟಿಲು ಹತ್ತಲಾಗದೆ ಹೋದದ್ದು. ನಾನು ಒಂದೊಂದಕ್ಕೂ ಹೂಂ ಎನ್ನುತ್ತಾ ಬರೆದುಕೊಂಡೆ. ಅಕ್ಕನಿಗೆ ನನ್ನ ಹೂಂ ಮಾತ್ರ ಕೇಳಿಸುತ್ತಿತ್ತು. ಇನ್ನೊಂದು ಕೆಮ್ಮು ಬರುತ್ತಿರುವುದು ಗೊತ್ತಾಗಿ, ಹುಡುಗಿಗೆ ಕೇಳಿಸಬಾರದೆಂದು ಅಂಗೈಯಿಂದ ಬಾಯಿ ಒತ್ತಿ ಹಿಡಿದಿದ್ದಳು.

"ಕೆಮ್ಮು ಶುರುವಾದ ಮೇಲೆ ಎಷ್ಟು ದಿನ ಇದ್ದರು?" ಎಂದು ಕೇಳಿದೆ. ಕಾರ್ಡಿಗೆ ಅದು ಬೇಕಿತ್ತು.

ಹುಡುಗಿ ಹೇಳಿದಳು. ನನ್ನ ಪೆನ್ನು ನಿಂತಿತು. ಅಕ್ಕನ ಕೆಮ್ಮಿಗೆ ಆಗಲೇ ನಾಲ್ಕು ತಿಂಗಳಾಗಿತ್ತು. ಅವಳು ಬಾಯಿಂದ ಕೈ ತೆಗೆದು, ಎಷ್ಟು ಎಂದು ಸನ್ನೆ ಮಾಡಿ ಕೇಳಿದಳು.

"ಒಂಬತ್ತು ತಿಂಗಳು," ಎಂದು ಇಬ್ಬರಿಗೂ ಕೇಳುವಂತೆ ಹೇಳಿ, ಬರೆದುಕೊಂಡೆ.